ಡಬ್ಬಿಗೆ ಹೊದಿಸಿದ ಕಂಬಳಿ

ಸಂಡೂರು ಗುಡ್ಡದ ಕುರಿಗಾರರು ನನ್ನ ತಂಗಿಗೆ ಕಂಬಳಿ ಹೊದಿಸಿದರು. ನನಗೆ ಹೊದಿಸಲಿಲ್ಲ. ಇಷ್ಟು ಹೇಳಿ ಸುಮ್ಮನಾದರೆ ನನ್ನ ಹೊಟ್ಟೆಕಿಚ್ಚಿನ ಕಥೆಯನ್ನೆಲ್ಲ ಹೇಳಿದ ಹಾಗೆಯೇ. ಆದರೆ ಅಷ್ಟಕ್ಕೇ ಬಿಟ್ಟರೆ ನೀವು ನನ್ನನ್ನು ಸಣ್ಣ ಮನಸ್ಸಿನವಳು ಅಂದುಕೊಳ್ಳುತ್ತೀರಿ. ಪೂರ್ತಿ ಕೇಳಿ, ಆಮೇಲೆ ಏನು ಬೇಕಾದರೂ ಅಂದುಕೊಳ್ಳಿ.

ನಾವಿಬ್ಬರೂ ಹೊಸಪೇಟೆಯ ಒಂದು ಸೋಲಾರ್ ಅಂಗಡಿಯಲ್ಲಿ ಕೆಲಸ ಮಾಡುತ್ತೇವೆ. ಊರು ಕಂಪ್ಲಿ ಕಡೆ. ಅವ್ವ ಅಲ್ಲೇ ಇದ್ದಾಳೆ, ಭತ್ತದ ನಾಟಿಗೂ ಕಳೆಗೂ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಹೋಗುವ ಜೋರು ಹೆಂಗಸು. ನಾನು ದೊಡ್ಡವಳು. ಎಲೆಕ್ಟ್ರಿಕಲ್ ಡಿಪ್ಲೊಮಾ ಮೊದಲು ಓದಿದವಳು ನಾನು, ಈ ಅಂಗಡಿಗೆ ಮೊದಲು ಸೇರಿದವಳು ನಾನು, ಏಣಿ ಹತ್ತುವ ಹುಡುಗಿಯನ್ನು ನೋಡಿ ನಕ್ಕ ಗಿರಾಕಿಗಳ ಬಾಯಿ ಮುಚ್ಚಿಸಿದವಳೂ ನಾನೇ. ತಂಗಿ ನನ್ನ ಬೆನ್ನ ಹಿಂದೆಯೇ ಬಂದಳು. ಅದೇ ಕಾಲೇಜು, ಅದೇ ಅಂಗಡಿ, ಅದೇ ಬಾಡಿಗೆ ರೂಮು. ಚಿಕ್ಕಂದಿನಲ್ಲಿ ನನಗೆ ಗಿಡ್ಡವಾದ ಲಂಗಗಳೆಲ್ಲ ಅವಳಿಗೆ ಹೋಗುತ್ತಿದ್ದವು, ಹಾಳಾದ್ದು, ಅವಳಿಗೇ ಚೆಂದ ಕಾಣುತ್ತಿದ್ದವು. ಕೆಲಸದ ವಿಷಯದಲ್ಲೂ ಹಾಗೆಯೇ ಆಯಿತು.

ಕರೆಂಟ್ ಕಂಬ ಹೋಗದ ಜಾಗದ ಜನವೇ ನಮ್ಮ ಗಿರಾಕಿಗಳು. ಹಂಪಿ ಸುತ್ತಿನ ಬಾಳೆತೋಟಗಳ ಕಾವಲು ಗುಡಿಸಲು, ಕಂಪ್ಲಿ ಕಡೆ ಕಬ್ಬಿನ ನಡುವಿನ ಶೆಡ್ಡು, ಸಂಡೂರಿನಾಚೆ ಅರಣ್ಯದ ಅಂಚಿಗೆ ಕುರಿಗಾರರ ಹಟ್ಟಿ. ಸೂರಿನ ಮೇಲೆ ಒಂದು ಪ್ಯಾನೆಲ್, ಒಳಗೆ ಮಣೆಯ ಮೇಲೆ ಒಂದು ಬ್ಯಾಟರಿ, ಇವೆರಡರ ನಡುವೆ ಗೋಡೆಗೆ ಅಂಗೈ ಅಗಲದ ಒಂದು ಡಬ್ಬಿ. ಅದಕ್ಕೆ ಚಾರ್ಜ್ ಕಂಟ್ರೋಲರ್ ಅನ್ನುತ್ತಾರೆ. ಪ್ಯಾನೆಲ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಲೈಟು ಎಲ್ಲರಿಗೂ ಬೇಕು, ಡಬ್ಬಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದರೆ ಸಂಸಾರ ತೂಗಿಸುವುದು ಅದೇ. ಹಗಲು ಬ್ಯಾಟರಿ ತುಂಬಿದ ಮೇಲೆ ಇನ್ನು ಸಾಕು ಎಂದು ಬಿಸಿಲನ್ನು ತಡೆಯುತ್ತದೆ. ರಾತ್ರಿ ಲೈಟು ಉರಿದು ಉರಿದು ಬ್ಯಾಟರಿ ತೀರಾ ಇಳಿದಾಗ ಇನ್ನು ಸಾಕು ಎಂದು ಲೈಟನ್ನೇ ಆರಿಸುತ್ತದೆ. ಹಾಗೆ ಆರಿಸದೆ ಕೊನೆಯ ಹನಿಯವರೆಗೂ ಹೀರಲು ಬಿಟ್ಟರೆ ಬ್ಯಾಟರಿ ಬಾಳುವುದಿಲ್ಲ. ಸಾಕು ಅನ್ನುವವರನ್ನು ಯಾರು ಪ್ರೀತಿಸುತ್ತಾರೆ ಹೇಳಿ? ನನಗೆ ಆ ಡಬ್ಬಿಯ ಮೇಲೆ ಮೊದಲಿಂದಲೂ ಒಂದು ಮಮಕಾರ ಇದೆ.

ನಮ್ಮ ಕೆಲಸದ ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಮನೆಗಳಲ್ಲಿ ಅಡುಗೆಮನೆಯ ಲೈಟನ್ನು ನಾವು ಹಾಕುವುದೇ ಇಲ್ಲ. "ವೈರ್ ಬಾಗ್ಲತನಕ ತಂದು ಬಿಡವ್ವ, ಒಳಗಿಂದು ನಮ್ಮ ಹುಡುಗ ಹಾಕ್ಕೊಂತಾನ" ಅನ್ನುತ್ತಾರೆ. ಎಷ್ಟು ನಯವಾಗಿ ಅನ್ನುತ್ತಾರೆಂದರೆ ಸಿಟ್ಟು ಮಾಡಲೂ ಆಗುವುದಿಲ್ಲ. ಕಾರಣ ಕೇಳುವ ಗರಜೂ ಇಲ್ಲ. ಕಂಪ್ಲಿಯ ನಮ್ಮ ಮನೆ ಗೋಡೆಯ ಮೇಲೆ ಬುದ್ಧನ ಪಟ ಯಾಕೆ ಬಂತೋ, ಕಾರಣ ಅದೇ. ಅಂಥ ಮನೆಗಳಲ್ಲಿ ನಾನು ವೈರನ್ನು ಹೊಸ್ತಿಲ ಹತ್ತಿರ ಸುರುಳಿ ಸುತ್ತಿಟ್ಟು, ನೀರನ್ನೂ ಕೇಳದೆ ಇಳಿದು ಬರುತ್ತೇನೆ. ರೂಢಿಯಾಗಿ ಹೋಗಿದೆ.

ಈಗ ಹಟ್ಟಿಗೆ ಬರೋಣ. ಸಂಡೂರು ದಾಟಿ, ಅದಿರು ಲಾರಿಗಳ ಕೆಂಪು ಧೂಳಿನ ರಸ್ತೆ ಬಿಟ್ಟು, ಗಾಡಿ ಹೋಗುವಷ್ಟು ದೂರ ಹೋಗಿ, ಆಮೇಲೆ ಪ್ಯಾನೆಲನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತಬೇಕು. ಅರಣ್ಯದ ಜಾಗ ಅಂತ ಅಲ್ಲಿಗೆ ಕಂಬ ಬಿಡುವುದಿಲ್ಲ. ಅಲ್ಲಿಯ ಒಂದೊಂದು ಮನೆಗೂ ಮೊದಲ ಲೈಟು ಹಾಕಿದವಳು ನಾನು. ಹಾಕುವಾಗ ಹಟ್ಟಿಯ ಹಿರಿಯಜ್ಜಿ ಬಾಗಿಲಲ್ಲಿ ಕದಿರು ಹಿಡಿದು ಉಣ್ಣೆ ನೂಲುತ್ತ ಕೂತಿರುತ್ತಿದ್ದಳು. ಆ ಹಟ್ಟಿಯಲ್ಲಿ ಅವಳ ಮಾತು ಮೀರುವವರಿಲ್ಲ. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಲೇ ಹುಡುಗಿ, ಕೆಲ್ಸ ಆತಿಲ್ಲ? ನಿಂತ್ಕಂಡು ಏನ್ ನೋಡ್ತಿ? ಆ ಮರೀ ಹಿಡ್ಕ, ಕಾಲಾಗ ಮುಳ್ಳೈತಿ" ಅಂದಳು. ನಾನು ಡಿಪ್ಲೊಮಾ ಓದಿದವಳು, ಕುರಿಮರಿಯ ಕಾಲು ಹಿಡಿದು ಕೂತೆ. ಮುಳ್ಳು ತೆಗೆದಾದ ಮೇಲೆ, "ಒಳಗ ಹೋಗಿ ಒಲಿ ಉರಿ ನೋಡು. ರೊಟ್ಟಿ ತಿರುವಾಕಾಕ ಬರ್ತೈತಿಲ್ಲ?" ಅಂದಳು. ಹೋದಾಗಲೆಲ್ಲ ಇದೇ ಪಾಡು. ನೀರು ತಾ, ಹಿಟ್ಟು ನಾದು, ಕೋಳಿ ಮುಚ್ಚು. ಟೂಲ್ ಬ್ಯಾಗು ಒಂದು ಮೂಲೆಯಲ್ಲಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ನಾನು ಇನ್ನೊಂದು ಮೂಲೆಯಲ್ಲಿ. ಪುಂಡಿಪಲ್ಯದ ಜೊತೆ ಬಿಸಿ ರೊಟ್ಟಿ ತಿಂದು ಬರುತ್ತಿದ್ದೆ, ಅದೂ ನಾನೇ ಬೇಯಿಸಿದ ರೊಟ್ಟಿ. ಈ ಮುದುಕಿಗೆ ಸಂಬಳವಿಲ್ಲದ ಆಳು ಸಿಕ್ಕಿದ್ದಾಳೆ ಅಂತ ಗುಡ್ಡ ಇಳಿಯುವಾಗ ಗೊಣಗಿಕೊಳ್ಳುತ್ತಿದ್ದೆ.

ಆದರೂ ಆ ಗುಡ್ಡ ನನ್ನದು ಅನ್ನಿಸುತ್ತಿತ್ತು. ಡಬ್ಬಿಯ ವಿಚಾರವನ್ನು ಅಜ್ಜಿಗೆ ನಾನೇ ಕೂರಿಸಿಕೊಂಡು ಹೇಳಿದ್ದೆ. "ಅಜ್ಜೀ, ಇದನ್ನ ಮರೀ ನೋಡ್ಕಂಡಂಗ ನೋಡ್ಕೋರಿ. ಹಸ್ರು ದೀಪ ಇದ್ರ ಆರಾಮ ಐತಿ ಅಂತ. ಕೆಂಪು ಬಂದ್ರ ಬ್ಯಾಟ್ರಿ ಸುಸ್ತಾಗೈತಿ, ಬಿಟ್ಟುಬಿಡ್ರಿ, ಮಲಗಲಿ. ಚಳಿಗಾಲದಾಗ ಬ್ಯಾಟ್ರಿ ಜಡ ಆಗ್ತೈತಿ, ಬ್ಯಾಸಿಗ್ಯಾಗಿನಷ್ಟು ಲೈಟ್ ಕೊಡಂಗಿಲ್ಲ, ಅದಕ್ಕ ಸಿಟ್ಟಾಗಬ್ಯಾಡ್ರಿ." ಅಜ್ಜಿ ಕದಿರು ತಿರುಗಿಸುವುದನ್ನು ನಿಲ್ಲಿಸದೆ "ಹ್ಞೂಂ" ಅಂದಳು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಉಳಿದವರಿಗಂತೂ ಕೇಳಿಸಿರಲಿಲ್ಲ. ಪ್ಯಾನೆಲ್ ಮೇಲೆ ಧೂಳು ಒರೆಸುತ್ತಿರಲಿಲ್ಲ, ಮನೆಯಲ್ಲಿದ್ದ ಮೊಬೈಲುಗಳನ್ನೆಲ್ಲ ಒಂದೇ ಸಲ ಚಾರ್ಜಿಗೆ ಹಾಕುತ್ತಿದ್ದರು, ಊಟದ ಹೊತ್ತಿಗೆ ಡಬ್ಬಿ ಲೈಟು ಆರಿಸಿದರೆ ಶಾಪ ಹಾಕುತ್ತಿದ್ದರು. ಅದಕ್ಕೆ ಜುಗ್ಗ ಡಬ್ಬಿ ಅಂತ ಹೆಸರಿಟ್ಟರು. ಬರಬರುತ್ತ ಅದು ದೊಡ್ಡಕ್ಕನ ಡಬ್ಬಿ ಆಯಿತು. ಅಂದರೆ ನನ್ನದು. ಫೋನು ಮಾಡಿ, "ದೊಡ್ಡಕ್ಕಾರ, ನಿಮ್ಮ ಡಬ್ಬಿ ಇವತ್ತೂ ಕತ್ತಲ ಮಾಡ್ತು" ಅನ್ನುವರು. ನನ್ನ ಡಬ್ಬಿಯಂತೆ!

ಹೀಗಿರುವಾಗ ಹಟ್ಟಿಯಲ್ಲಿ ಒಂದು ಮದುವೆ ಬಂತು. ಹಂದರದಲ್ಲಿ ಲೈಟು ಉರಿಯುತ್ತಿಲ್ಲ ಅಂತ ಅಂಗಡಿಗೆ ಫೋನು ಬಂದಾಗ ನಾನು ಕಂಪ್ಲಿ ಕಡೆಯ ಒಂದು ಪಂಪ್ ಶೆಡ್ಡಿನಲ್ಲಿ ಸಿಕ್ಕಿಕೊಂಡಿದ್ದೆ. ಮಾಲೀಕರು ತಂಗಿಯನ್ನು ಕಳಿಸಿದರು. ಇವಳು ಹೋಗಿ ಏನು ಮಾಡಿದಳು ಗೊತ್ತೇ? ಲೈಟಿನ ವೈರನ್ನು ಡಬ್ಬಿಯಿಂದ ಬಿಚ್ಚಿ ಸೀದಾ ಬ್ಯಾಟರಿಗೆ ಸಿಕ್ಕಿಸಿದಳು. ಡೈರೆಕ್ಟ್. ತಡೆಯುವವರು ಯಾರೂ ಇಲ್ಲ, ಸಾಕು ಅನ್ನುವವರು ಇಲ್ಲ. ಬೆಳಕೋ ಬೆಳಕು. ಸೌಂಡ್ ಬಾಕ್ಸೂ ಹಾಡಿತಂತೆ. ಮರುದಿನ ಹಂದರದ ಕೆಳಗೆ ಇವಳನ್ನು ನಿಲ್ಲಿಸಿ ಹೊಸ ಕಂಬಳಿ ಹೊದಿಸಿದರು. ಕುರಿಗಾರರ ಹಟ್ಟಿಯಲ್ಲಿ ಕಂಬಳಿ ಹೊದಿಸುವುದೆಂದರೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅದರ ಮೇಲೆ ದೇವರನ್ನು ಕೂರಿಸುತ್ತಾರೆ, ಬೀಗರನ್ನು ಕೂರಿಸುತ್ತಾರೆ.

ಹೊಸಪೇಟೆಯ ಆ ಸೆಕೆಯಲ್ಲಿ ಕಂಬಳಿ ಹೊದ್ದುಕೊಂಡೇ ರೂಮಿಗೆ ಬಂದಳು ಮಹಾರಾಣಿ.

"ಏನಿದು?" ಅಂದೆ.

"ಕಂಬಳಿ."

"ಅದು ಕಾಣ್ತೈತಿ. ಯಾಕ ಕೊಟ್ರು?"

"ಪ್ರೀತಿಗೆ ಕೊಟ್ರಕ್ಕಾ. ಮೂಸಿ ನೋಡು, ನೂಲಿಗೆ ಹಚ್ಚಿದ ಹುಣಸಿಬೀಜದ ಗಂಜಿ ವಾಸ್ನಿ ಇನ್ನೂ ಐತಿ."

ನಾನು ಮೂಸಲಿಲ್ಲ. ಏನು ಮಾಡಿದೆ ಅಂತ ಬಾಯಿ ಬಿಡಿಸಿದೆ. ಡೈರೆಕ್ಟ್ ಅಂದಕೂಡಲೇ ನನ್ನ ಮೈ ಉರಿಯಿತು. "ತಲಿ ನೆಟ್ಟಗೈತೇನಲೇ ನಿಂದು? ಓದಿದ್ದೆಲ್ಲ ಹೊಳಿಗೆ ಹಾಕಿದೇನು?"

"ಮದುವಿ ಮನ್ಯಾಗ ಕತ್ತಲಾದ್ರ ಹೆಂಗಕ್ಕಾ?"

"ಒಂದಿನಕ್ಕ ಆತು, ಒಪ್ಪಿದೆ. ವಾಪಸ್ ಜೋಡ್ಸಿ ಬಂದಿ?"

ತಂಗಿ ಕಂಬಳಿ ಮಡಿಚತೊಡಗಿದಳು. "ಎಲ್ಲಾರೂ ನಮ್ಮನೀಗೂ ಹಂಗ ಮಾಡ್ಕೊಡು ಅಂದ್ರು. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

"ಎಲ್ಲಾ ಮನೀಗೂ?"

"ಹೆಚ್ಚುಕಮ್ಮಿ" ಅಂದಳು.

ಅವಳ ಬುದ್ಧಿಗೇಡಿತನಕ್ಕೆ ನನಗೆ ಸಿಟ್ಟು ಬಂತೆಂದು ಹೇಳಿಕೊಂಡರೆ ನನಗೇ ಮರ್ಯಾದೆ. ನಿಜವಾಗಿ ಉರಿದದ್ದು ಆ ಕಂಬಳಿಗೆ. ಕರಿ ಉಣ್ಣೆ, ಅಂಚಿಗೆ ಬಿಳಿ ಗೆರೆ, ಒತ್ತಾದ ನೇಯ್ಗೆ. ಅಷ್ಟು ವರ್ಷ ಆ ಗುಡ್ಡ ಹತ್ತಿ ಇಳಿದ ನನಗೆ ಒಂದು ಹಿಡಿ ಉಣ್ಣೆ ಕೊಟ್ಟವರಿಲ್ಲ. ಕೆಟ್ಟ ಕೆಲಸ ಮಾಡಿದವಳಿಗೆ ಕಂಬಳಿ, ನೆಟ್ಟಗೆ ಮಾಡಿದವಳಿಗೆ ಜುಗ್ಗಿ ಅನ್ನುವ ಬಿರುದು.

ಅವ್ವನಂತೂ ಉರಿಯುವ ಬೆಂಕಿಗೆ ಎಣ್ಣೆ ಸುರಿದಳು. ಕಂಬಳಿಯನ್ನು ಕಂಪ್ಲಿಗೆ ತರಿಸಿಕೊಂಡು ಬುದ್ಧನ ಪಟದ ಕೆಳಗಿನ ಮಂಚದ ಮೇಲೆ ಹಾಸಿದಳು. ಓಣಿಯ ಹೆಂಗಸರು ಬಂದು ಮುಟ್ಟಿ ನೋಡುವರು, "ಗುಡ್ಡದ ಮಂದಿ ಸಣ್ಣಾಕಿಗೆ ಕೊಟ್ಟಿದ್ದು" ಅಂತ ಅವ್ವ ಹೇಳುವಳು. ನಾನು ಊರಿಗೆ ಹೋದ ಒಂದು ಭಾನುವಾರ ನೇರವಾಗಿ ಕೇಳಿಯೇ ಬಿಟ್ಟಳು.

"ನೀನೂ ಅಷ್ಟ ದಿವ್ಸ ಆ ಗುಡ್ಡಕ್ಕ ಮಣ್ಣು ಹೊತ್ತಿ. ನಿನಗೇನ್ ಕೊಟ್ರು?"

"ರೊಟ್ಟಿ."

"ರೊಟ್ಟಿ ನಮ್ಮನ್ಯಾಗ ಇರ್ಲಿಲ್ಲೇನು?"

ನಾನೇ ಸುಟ್ಟುಕೊಂಡು ತಿಂದ ರೊಟ್ಟಿ ಅಂತ ಹೇಳಲು ನಾಚಿಕೆಯಾಯಿತು. ಊಟದ ಹೊತ್ತಿಗೆ ಆ ಮಂಚದ ಮೇಲೆ ಕೂರಲು ಹೋದರೆ, "ಅದರ ಮ್ಯಾಲ ಬ್ಯಾಡ, ಸಾರು ಚೆಲ್ತೈತಿ" ಅಂದಳು.

ಆಮೇಲೆ ಹಟ್ಟಿಯಿಂದ ಫೋನು ಬಂದರೆ ಒಂದೇ ಮಾತು, "ಸಣ್ಣಕ್ಕಾರ್ನ ಕಳಸ್ರಿ." ಕೊನೆಗೆ ಮಾಲೀಕರು ನನ್ನನ್ನು ಕರೆದು, "ನೋಡವ್ವ, ಗಿರಾಕಿ ಯಾರನ್ನ ಕೇಳ್ತಾರೋ ಅವ್ರನ್ನ ಕಳಸ್ಬೇಕಾಗ್ತೈತಿ. ಗುಡ್ಡ ನಿನ್ನ ತಂಗಿ ನೋಡ್ಕೊಳ್ಲಿ. ನೀನು ಹಂಪಿ ಕಡೀದು ನೋಡ್ಕ" ಅಂದರು. ಡೈರೆಕ್ಟ್ ಕೊಟ್ಟದ್ದನ್ನು ಹೇಳಿದೆ, ಬ್ಯಾಟರಿಗಳು ಸಾಯುತ್ತವೆ ಅಂತ ಎಚ್ಚರಿಸಿದೆ. ಅವರು ತಂಗಿಯನ್ನು ಕೇಳಿದರು. ಅವಳು, "ಒಂದೊಂದಾಗಿ ವಾಪಸ್ ಜೋಡಸ್ತೀನ್ರಿ" ಅಂದಳು. ಅಲ್ಲಿಗೆ ಅವರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ನನ್ನ ಗುಡ್ಡ ನನ್ನ ಕೈ ಬಿಟ್ಟುಹೋಗಿತ್ತು.

ಹಂಪಿ ಚೆಂದ, ಅದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಬಾಳೆತೋಟದ ಗುಡಿಸಲಲ್ಲಿ ತಂಪಾಗಿ ಕೂತು ಡಬ್ಬಿ ಬದಲಿಸುವುದು, ಗೆಸ್ಟ್ ಹೌಸಿನವರ ತೋಟಕ್ಕೆ ಬಣ್ಣದ ಲೈಟು ಹಾಕಿಕೊಡುವುದು, ಆಟೋ ಹಿಡಿದು ಸಂಜೆಯೊಳಗೆ ರೂಮು ಸೇರುವುದು. ಮೈಗೆ ಸುಖವೇ. ಆದರೆ ಕೆಲಸ ಮಾಡುತ್ತಿರುವಾಗ ಗುಡ್ಡದ ನೆನಪು ಬಂದರೆ ಸ್ಕ್ರೂ ಡ್ರೈವರ್ ಕೈ ತಪ್ಪುತ್ತಿತ್ತು. ರೂಮಿಗೆ ಬಂದರೆ ತಂಗಿಯ ವರದಿ. ಇವತ್ತು ಗಟ್ಟಿ ಮೊಸರು ಕೊಟ್ಟರು. ಇವತ್ತು ಜೇನು ಕೊಟ್ಟರು. ನಾನು ಹೋದ ಕೂಡಲೇ ಬೇವಿನ ಮರದ ಕೆಳಗೆ ಕಂಬಳಿ ಹಾಸಿ, "ಬರ್ರೆವ್ವ, ಕುಂದರ್ರಿ" ಅಂತಾರೆ. ಹಿರಿಯಜ್ಜಿಯೂ ಹಾಗೇ ಅನ್ನುತ್ತಾಳಾ ಅಂತ ಕೇಳಿದೆ. ಹ್ಞೂಂ, ಅಜ್ಜಿಯೂ ಬರ್ರಿ ಹೋಗ್ರಿ ಅಂತಲೇ ಮಾತಾಡುತ್ತಾಳೆ ಅಂದಳು. ನನಗಿಂತ ಚಿಕ್ಕವಳಿಗೆ ಬರ್ರಿ, ನನಗೆ ಮಾತ್ರ ಲೇ! ಆ ದಿನ ನಾನು ಮೊಸರು ಮುಟ್ಟಲಿಲ್ಲ. ಮೊಸರು ಗಟ್ಟಿಯಾಗಿಯೇ ಇತ್ತು, ಅದೂ ಒಂದು ಉರಿ.

ಡೈರೆಕ್ಟ್ ಬಿಚ್ಚಿದೆಯಾ ಅಂತ ಕೇಳಿದರೆ, "ಮುಂದಿನ ವಾರ ಬಿಚ್ತೀನಕ್ಕಾ, ಈಗ ಹಬ್ಬ ಐತಿ" ಅನ್ನುವಳು. ಅವಳಿಂದ ಅದು ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಮೊಸರು ಕೊಟ್ಟ ಕೈ ಎದುರಿಗೆ ಲೈಟು ಕಿತ್ತುಕೊಳ್ಳುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲ. ನಾನು ಒಳಗೊಳಗೇ ಕಾಯತೊಡಗಿದೆ. ಬ್ಯಾಟರಿಗಳೇ, ಬೇಗ ಸಾಯ್ರವ್ವಾ ಅಂದೆ. ಆಗ ಗೊತ್ತಾಗುತ್ತದೆ ಈ ಮಂದಿಗೆ, ಜುಗ್ಗಿ ಯಾರು, ಅವರನ್ನು ಕಾಯ್ದವರು ಯಾರು ಅಂತ. ಹೀಗೆ ಹಾರೈಸಿದ್ದಕ್ಕೆ ನನಗೆ ಪಶ್ಚಾತ್ತಾಪ ಇದೆಯೋ ಅಂದರೆ, ಇಲ್ಲ.

ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಹಟ್ಟಿಯ ಯಾವ ಮನೆಯಲ್ಲೂ ಲೈಟಿಲ್ಲ. ಮಾಲೀಕರ ಮುಖ ಸಣ್ಣದಾಯಿತು. "ಇಬ್ರೂ ಹೋಗ್ರಿ. ಯಾರಿಗೆ ಗುಡ್ಡ ಅಂತ ಅಲ್ಲೇ ಆ ಮಂದಿನ್ನ ಕೇಳಿ ತೀರ್ಮಾನ ಮಾಡ್ಕಂಡು ಬರ್ರಿ. ನನಗ ದಿನಾ ಈ ಜಗಳ ಬ್ಯಾಡ" ಅಂದರು. ನಾನು ಒಗೆದಿಟ್ಟ ಚೂಡಿದಾರ್ ಹಾಕಿಕೊಂಡೆ, ಮೀಟರಿಗೆ ಹೊಸ ಸೆಲ್ಲು ಹಾಕಿದೆ. ಗಾಡಿ ಓಡಿಸಿದವಳೂ ನಾನೇ. ಹಿಂದೆ ಕೂತ ತಂಗಿ ದಾರಿಯುದ್ದಕ್ಕೂ ಟೂಲ್ ಬ್ಯಾಗನ್ನು ಅವಚಿಕೊಂಡು ತಲೆ ತಗ್ಗಿಸಿದ್ದಳು. ನನಗೆ ಮಾತ್ರ ಅದಿರು ಲಾರಿಯ ಧೂಳೂ ಗಂಧದ ಪುಡಿಯಂತೆ ಇತ್ತು.

ಹಟ್ಟಿಯಲ್ಲಿ ಮನೆ ಮನೆಗೂ ಹೋಗಿ ಬ್ಯಾಟರಿಗೆ ಮೀಟರು ಇಟ್ಟೆ. ಮುಳ್ಳು ಏಳಲಿಲ್ಲ. "ಇದೂ ಹೋಗೈತಿ" ಅಂದೆ. ಪಕ್ಕದ ಮನೆ. "ಇದೂ ಹೋಗೈತಿ." ಜನ ಹಿಂದೆಯೇ ಬರುತ್ತಿದ್ದರು. ಪ್ರತಿ ಮನೆಯಲ್ಲೂ ಸ್ವಲ್ಪ ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವಂತೆ ಹೇಳಿದೆ. "ಡಬ್ಬಿ ತಪ್ಪಿಸಿ ಡೈರೆಕ್ಟ್ ಕೊಟ್ಟಿದ್ದಕ್ಕ ಹಿಂಗಾಗೈತಿ ನೋಡ್ರಿ." ತಂಗಿಯ ಹೆಸರೆತ್ತಲಿಲ್ಲ. ಎತ್ತಬೇಕಾಗಿರಲಿಲ್ಲ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಕೊನೆಗೆ ಉಳಿದದ್ದು ಅಜ್ಜಿಯ ಮನೆ. ಮೀಟರಿನ ವೈರು ಸುತ್ತಿಕೊಳ್ಳುತ್ತ ಆ ಕಡೆ ತಿರುಗಿದಾಗ ತಂಗಿ ಮೆಲ್ಲಗೆ, "ಆ ಮನಿ ನಾ ಮಾಡಿಲ್ಲ" ಅಂದಳು.

"ಯಾಕ?"

ಅವಳು ನನ್ನ ಮುಖ ನೋಡಲಿಲ್ಲ. "ಬ್ಯಾಡ ಅಂದ್ರು."

ಒಳಗೆ ಹೋದೆ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಬ್ಯಾಟರಿ ಇದ್ದ ಮೂಲೆಯಲ್ಲಿ ಗೋಡೆಯ ಗೂಟದಿಂದ ನೆಲದವರೆಗೆ ಒಂದು ಕಂಬಳಿ ಇಳಿಬಿದ್ದಿತ್ತು. ತಂಗಿಯದಕ್ಕಿಂತ ದೊಡ್ಡದು, ಅಂಚಿಗೆ ಎರಡೆರಡು ಬಿಳಿ ಗೆರೆ. ಅಂಥದ್ದನ್ನು ಪೆಟ್ಟಿಗೆಯಿಂದ ದೇವರ ಕಾರ್ಯಕ್ಕೆ ಮಾತ್ರ ತೆಗೆಯುತ್ತಾರೆ. ಅದನ್ನು ಡಬ್ಬಿಯನ್ನೂ ಬ್ಯಾಟರಿಯನ್ನೂ ಸೇರಿಸಿ ಎಳೆಗೂಸಿಗೆ ಹೊದಿಸಿದಂತೆ ಸುತ್ತ ಒತ್ತಿ ಒತ್ತಿ ಹೊದಿಸಿದ್ದರು.

"ನೀ ಹೇಳಿದಂಗ ಮರೀ ನೋಡ್ಕಂಡಂಗ ನೋಡ್ಕಂಡೀನಲೇ" ಅಂತ ಅಜ್ಜಿ ಹಿಂದಿನಿಂದ ಗದರಿಸಿದಳು. "ಚಳೀಗೆ ಜಡ ಆಗ್ತೈತಿ ಅಂದಿ. ಚಳಿ ಸುರುವಾದ ದಿನಾನ ಹೊದಿಸೀನಿ. ಆದ್ರೂ ಕಣ್ಣು ಬಿಡವಲ್ದು ನಿನ್ನ ಡಬ್ಬಿ."

ಕಂಬಳಿ ಎತ್ತಿದೆ. ಡಬ್ಬಿ ರೊಟ್ಟಿಯ ಹೆಂಚಿನ ಹಾಗೆ ಕಾದಿತ್ತು. ಹಗಲು ಬಿಸಿಲು ಏರಿದಂತೆ ಡಬ್ಬಿ ಬಿಸಿಯಾಗುತ್ತದೆ, ಗಾಳಿಯಾಡಿದರೆ ಆರುತ್ತದೆ. ಉಣ್ಣೆಯೊಳಗೆ ಎಲ್ಲಿಯ ಗಾಳಿ? ಕಾವು ಮೀರಿದಾಗ ಸುಟ್ಟುಹೋಗದಿರಲೆಂದು ಅದು ತಾನೇ ಚಾರ್ಜ್ ನಿಲ್ಲಿಸಿದೆ. ಚಾರ್ಜ್ ಇಲ್ಲದೆ ಬ್ಯಾಟರಿ ದಿನದಿನಕ್ಕೂ ಇಳಿದಿದೆ. ಇಳಿದದ್ದು ನೋಡಿ ಲೈಟನ್ನೂ ಆರಿಸಿದೆ. ಪಾಪದ್ದು, ಒಂದು ತಪ್ಪೂ ಮಾಡಿರಲಿಲ್ಲ. ಇಡೀ ಹಟ್ಟಿಯಲ್ಲಿ ನನ್ನ ಮಾತು ಕೇಳಿದ ಮನೆ ಇದೊಂದೇ, ಮತ್ತು ಮಾತು ಕೇಳಿಯೇ ಕತ್ತಲಾಗಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆದರೆ ಆ ಕ್ಷಣ ನನ್ನ ಎದೆಯಲ್ಲಿ ಎದ್ದದ್ದು ನಗುವೂ ಅಲ್ಲ, ಅಳುವೂ ಅಲ್ಲ. ಕೈಯಲ್ಲಿದ್ದ ಕಂಬಳಿಯ ಭಾರ, ಅದರ ಮೆತ್ತನೆ, ಹುಣಸೆಬೀಜದ ಆ ವಾಸನೆ. ಈ ಸಲ ಮೂಸಿ ನೋಡಿದೆ, ಸುಳ್ಳು ಯಾಕೆ. ತಂಗಿಗೆ ಕಂಬಳಿ, ಈಗ ಡಬ್ಬಿಗೂ ಕಂಬಳಿ! ಡಬ್ಬಿಯ ಗುಣಗಾನ ಮಾಡಿದ ಬಾಯಿ ನನ್ನದು, ಹೊದಿಕೆ ಅದಕ್ಕೆ. ಚಾರ್ಜ್ ಕಂಟ್ರೋಲರ್ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

"ಅಜ್ಜೀ, ಇದಕ್ಕ ಹೊದಿಸಬಾರ್ದು. ಇದು ಸೆಕಿ ತಾಳಂಗಿಲ್ಲ."

"ಮರೀ ಅಂದಿ ಮತ್ತ?"

"ಅಂದೆ. ನಂದ ತಪ್ಪು. ಗಾಳಿ ಬೇಕು ಇದಕ್ಕ."

"ನೆಟ್ಟಗ ಹೇಳಾಕ ಏನಾಗಿತ್ತಲೇ ನಿನಗ?" ಅಂದಳು. ಎಲ್ಲರೆದುರಿಗೆ.

ಬ್ಯಾಟರಿಗೆ ಮೀಟರು ಇಟ್ಟೆ. ಮುಳ್ಳು ಸುಸ್ತಾಗಿ ಆದರೂ ಎದ್ದು ನಿಂತಿತು. ಜೀವವಿತ್ತು. ಹಟ್ಟಿಯಲ್ಲಿ ಉಳಿದ ಬ್ಯಾಟರಿ ಅದೊಂದೇ. ಹೊರಗೆ ಹೋಗಿ ಪ್ಯಾನೆಲಿನ ಧೂಳು ತೊಳೆದೆ. ಬರುವಷ್ಟರಲ್ಲಿ ಡಬ್ಬಿ ಆರಿ, ಮತ್ತೆ ಚಾರ್ಜ್ ಹಿಡಿದು, ಅದರ ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು.

ಅದೇ ಹೊತ್ತಿಗೆ ತಂಗಿ ಬೇವಿನ ಮರದ ಕೆಳಗೆ ಜನರ ನಡುವೆ ನಿಂತು ಬಾಯಿ ತೆರೆದಳು. "ತಪ್ಪು ನಂದ್ರಿ. ಅಕ್ಕ ಮೊದ್ಲ ಹೇಳಿದ್ಲು, ನಾ ಕೇಳಲಿಲ್ಲ. ನಿಮ್ಮ ಬ್ಯಾಟ್ರಿ ಎಲ್ಲಾ ನಾನ ಹಾಳ ಮಾಡೀನಿ." ಕಣ್ಣಲ್ಲಿ ನೀರು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಅಂತ ನಾನು ಬಾಗಿಲಲ್ಲೇ ನಿಂತು ಕಾದೆ. ಮದುವೆಯಾದ ಹುಡುಗಿಯ ಅಪ್ಪ ಮುಂದೆ ಬಂದು, "ಹೋಗ್ಲಿ ಬಿಡವ್ವ. ನಮ್ಮ ಮಗಳ ಮದುವಿ ಬೆಳಕಿನ್ಯಾಗ ಆತಲ್ಲ. ಹೊಸಾವು ಬರೋಮಟ ಚಿಮಣಿ ಐತಿ. ನೀವು ಅಳಬ್ಯಾಡ್ರಿ" ಅಂದ. ಹೆಂಗಸರು ಸೆರಗಿನಿಂದ ಅವಳ ಕಣ್ಣೊರೆಸಿದರು. ಮೊದಲಿಗಿಂತ ಹೆಚ್ಚು ಮುದ್ದು! ನಾನು ತಿಂಗಳುಗಟ್ಟಲೆ ಕಾದ ಗಳಿಗೆ ಕಣ್ಣೆದುರಿಗೇ ಹೊಗೆಯಾಗಿ ಹೋಯಿತು.

ಅಷ್ಟೇ ಆಗಿದ್ದರೆ ತಾಳಿಕೊಳ್ಳುತ್ತಿದ್ದೆ. ಅಜ್ಜಿ ನನ್ನ ಕೈಯಿಂದ ಆ ಎರಡು ಗೆರೆಯ ಕಂಬಳಿಯನ್ನು ಇಸಿದುಕೊಂಡು, ಕೊಡವಿ, ಮರದ ಕೆಳಗೆ ಹಾಸಿದಳು. ತಂಗಿಗೆ, "ಕುಂದರ್ರೆವ್ವ, ಸುಧಾರಿಸ್ಕೋರಿ" ಅಂದಳು. ನನ್ನ ಕಡೆ ತಿರುಗಿ, "ನೀ ಏನ್ ನಿಂತಿಲೇ? ಹಿಟ್ಟು ಬುಟ್ಟ್ಯಾಗೈತಿ, ನಾದು. ಮಂದಿ ಉಪಾಸ ಅದಾರ" ಅಂದಳು.

ಆ ದಿನ ನಾನು ಹಿಟ್ಟು ನಾದಿದ್ದನ್ನು ನೋಡಿದ್ದರೆ ನೀವು ಹಿಟ್ಟಿನ ಪರವಾಗಿ ಮಾತಾಡುತ್ತಿದ್ದಿರಿ. ರೊಟ್ಟಿ ಬಡಿಯುವ ಸದ್ದು ಗುಡ್ಡದಾಚೆಗೆ ಕೇಳಿಸಿರಬೇಕು. ಹೊಗೆ ಕಣ್ಣಿಗೆ ಹೋಯಿತು, ಒಳ್ಳೆಯದೇ ಆಯಿತು, ಯಾಕೆ ಕಣ್ಣು ಕೆಂಪಗಿದೆ ಅಂತ ಯಾರೂ ಕೇಳಲಿಲ್ಲ. ಬಾಗಿಲ ಸಂದಿಯಿಂದ ತಂಗಿ ಕಾಣುತ್ತಿದ್ದಳು. ದೇವರ ಕಂಬಳಿಯ ಮೇಲೆ ಕಾಲು ಮಡಿಚಿ ಕೂತು, ಲೋಟದಲ್ಲಿ ಹಾಲು ಹಿಡಿದು, ನನ್ನ ಕಡೆಯೇ ನೋಡುತ್ತಿದ್ದಳು. ಅಣಕಿಸುತ್ತಿದ್ದಾಳೆ ಅಂದುಕೊಂಡೆ.

ಹೊತ್ತು ಇಳಿಯುತ್ತಿದ್ದಂತೆ ಅಜ್ಜಿಯ ಮನೆಯ ಲೈಟು ಹತ್ತಿತು. ಹಟ್ಟಿಯೆಲ್ಲ ಆ ಒಂದು ಬೆಳಕಿಗೆ ಬಂದು ಅಂಗಳದಲ್ಲಿ ಕೂತಿತು. ಉಣ್ಣುತ್ತಿರುವಾಗ ಮಾಲೀಕರ ಮಾತನ್ನು ತಂಗಿಯೇ ಎತ್ತಿದಳು, ಇನ್ನು ಮೇಲೆ ಯಾರು ಬರಬೇಕು, ನೀವೇ ಹೇಳ್ರಿ ಅಂತ. ಕೈಯಲ್ಲಿ ಹಿಡಿದ ರೊಟ್ಟಿಯನ್ನು ಹೆಂಚಿನ ಮೇಲೆ ಹಾಕುವುದು ಮರೆತು ನಾನು ಕಿವಿ ಕೊಟ್ಟೆ. ಎಲ್ಲರೂ ಅಜ್ಜಿಯ ಮುಖ ನೋಡಿದರು.

"ಸಣ್ಣಾಕಿ ಬಂಗಾರದಂಥಾಕಿ" ಅಂದಳು ಅಜ್ಜಿ. "ಹಬ್ಬಕ್ಕ ಕರೀರಿ, ಮದುವಿಗೆ ಕರೀರಿ, ಉಣ್ಣಾಕ ಕರೀರಿ. ಡಬ್ಬಿ ಮುಟ್ಟಾಕ ಈಕೀನ ಬರ್ಲಿ." ನನ್ನ ಕಡೆ ಗದ್ದ ಚಾಚಿದಳು, ತಿರುಗಿಯೂ ನೋಡಲಿಲ್ಲ. "ಲೇ, ಹೆಂಚು ಸೀದ ವಾಸ್ನಿ ಬರಾಕತೈತಿ."

ಹೀಗೆ ನಾನು ಗೆದ್ದೆ. ಗುಡ್ಡ ನನಗೆ ವಾಪಸ್ ಬಂತು. ಆದರೆ ಯಾರೂ ಹೊದಿಸಲಿಲ್ಲ, ಯಾರೂ ಬರ್ರಿ ಅನ್ನಲಿಲ್ಲ, ಗೆದ್ದವಳ ಕೈಯಲ್ಲಿ ಹಸಿ ಹಿಟ್ಟು.

ಗುಡ್ಡ ಇಳಿದು ಸಂಡೂರಿನಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿದೆ. ಇನ್ನೂ ಸಂಜೆಯ ಗದ್ದಲವಿತ್ತು, ಬಸ್ಸಿಗೆ ಕಾಯುವ ಜನ, ಮಿರ್ಚಿ ಕರಿಯುವ ಬಾಣಲೆ. ತಂಗಿ ಲೋಟ ಹಿಡಿದು ಕುಡಿಯದೆ ನಿಂತಿದ್ದಳು.

"ಅಕ್ಕಾ, ನಿನ್ನ ಮೊದ್ಲಿಂದಾನೂ ಒಳಗ ಕರೀತಾಳಾ ಆಕಿ?"

"ಯಾರು?"

"ಅಜ್ಜಿ. ಒಲಿ ಮುಂದ."

"ಕರಿಯೋದೇನ್ ಬಂತು, ದುಡಿಸ್ತಾಳ. ಮೊದ್ಲನೇ ದಿನದಿಂದ ನನ್ನ ಕೈಲೆ ರೊಟ್ಟಿ ಬೇಯಿಸ್ಕಂತಾಳ ಮುದುಕಿ."

"ಮೊದ್ಲನೇ ದಿನದಿಂದ?" ಅಂದಳು. ಲೋಟ ಕೆಳಗಿಟ್ಟು, "ನನ್ನ ಒಂದ್ಸಲಾನೂ ಕರೀಲಿಲ್ಲ. ಎಷ್ಟು ಸಲ ಹೋದ್ರೂ ಹೊರಗ ಕಂಬಳಿ ಹಾಸ್ತಾರ, ಹಾಲು ಕೊಡ್ತಾರ. ಎದ್ದು ಒಳಗ ಬರ್ತೀನಿ ಅಂದ್ರ, ನೀವ್ಯಾಕ ಏಳ್ತೀರಿ ಕುಂದರ್ರಿ ಅಂತಾರ. ಡೈರೆಕ್ಟ್ ಕೊಡಾಕ ಹೋದ್ರ ಅಜ್ಜಿ ಹೊಸ್ತಿಲದಾಗ ಅಡ್ಡ ನಿಂತ್ಲು. ದೊಡ್ಡಾಕಿನ್ನ ಕೇಳದ ಏನೂ ಮುಟ್ಟಬ್ಯಾಡ್ರಿ, ಬೈತಾಳ ಅಂದ್ಲು. ಆಕಿ ಯಾರಿಗೂ ಹೆದರಿದ್ದು ನಾ ನೋಡಿಲ್ಲ. ನೀ ಬೈತಿ ಅಂತ ಹೆದರ್ತಾಳ."

ಸುರುಳಿ ಸುತ್ತಿ ಹೊಸ್ತಿಲಲ್ಲಿಟ್ಟು ಬಂದ ವೈರುಗಳೆಲ್ಲ ಕಣ್ಣ ಮುಂದೆ ಬಂದವು. ಅಂಥ ಹೊಸ್ತಿಲುಗಳನ್ನು ದಿನಾ ನೋಡುವವಳು ನಾನು. ಹಾಗಿದ್ದೂ ಈ ಹೊಸ್ತಿಲನ್ನು ದಾಟಿದ್ದೇನೆ ಅನ್ನುವುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಕಂಬಳಿಯ ಲೆಕ್ಕ ಹಾಕುತ್ತ ಕೂತಿದ್ದೆ.

ತಂಗಿಯ ದನಿ ನನಗೆ ಗುರುತು ಹತ್ತಿತು. ಅದು ನನ್ನದೇ ದನಿ.

"ಹೊಟ್ಟಿಕಿಚ್ಚೇನಲೇ?" ಅಂದೆ.

"ಹೌದು. ಏನೀಗ?" ಅಂದಳು.

ಎಷ್ಟು ಹಿತವಾಯಿತು ಅಂತೀರಿ! ಹುಟ್ಟಿದಾಗಿನಿಂದ ಅವಳು ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು ಇರಬೇಕು. ಸಮಾಧಾನ ಮಾಡಬೇಕಾದ ಅಕ್ಕ ನಾನು, ಇನ್ನೊಂದು ಚಹಾ ಹೇಳಿದೆ.

"ಕಂಬಳಿ ನನಗ ಕೊಟ್ಟುಬಿಡು" ಅಂದೆ.

"ಒಲಿ ನನಗ ಬಿಟ್ಟುಕೊಡ್ತಿ?"

"ಇಲ್ಲ."

"ಹಂಗಾರ ನಾನೂ ಕೊಡಂಗಿಲ್ಲ, ಹೋಗು."

ಮತ್ತೆ ಗಾಡಿ ಹತ್ತಿದೆವು. ಹೊಸಪೇಟೆಯವರೆಗೂ ಚಳಿ ಎಲುಬಿಗೆ ಇಳಿಯುತ್ತಿತ್ತು. ತಂಗಿ ನನ್ನ ಬೆನ್ನಿಗೆ ಮುಖ ಒತ್ತಿ, ನನ್ನ ಬಟ್ಟೆಯಿಂದ ಒಲೆಯ ಹೊಗೆಯ ವಾಸನೆ ಬರುತ್ತಿದೆ ಅಂತ ದೂರಿದಳು. ಒತ್ತಿದ ಮುಖವನ್ನು ಮಾತ್ರ ರೂಮು ಬರುವವರೆಗೂ ತೆಗೆಯಲಿಲ್ಲ.